ಕೆಲಸ ಬಿಡುವವರು, ಕೆಲಸದಲ್ಲಿ ಉಳಿಯುವವರು

(ಮೈಸೂರಿನ ರಾಮಕೃಷ್ಣನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



2020ರ ಜೂನ್ ತಿಂಗಳು. ಲಾಕ್‌ಡೌನ್ ಸಡಿಲಗೊಂಡು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಒಂದು ಕಾರ್ಖಾನೆ ಬಾಗಿಲು ಹಾಕಿತು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಗೆ ಸೇರಿದ ಯೂರೋ ಕ್ಲೋದಿಂಗ್ ಕಂಪನಿಯ ಸಿದ್ಧ ಉಡುಪಿನ ಘಟಕ ಅದು. ಸುಮಾರು 1,200 ಮಂದಿಯ ಕೆಲಸ ಹೋಯಿತು. ಬಹುತೇಕ ಎಲ್ಲರೂ ಹೆಣ್ಣುಮಕ್ಕಳು. ಅವರು ಮನೆಗೆ ಹೋಗಲಿಲ್ಲ, ಗೇಟಿನ ಮುಂದೆ ಕೂತರು. ಕೊರೊನಾ ಭಯದ ನಡುವೆಯೂ ಐವತ್ತಕ್ಕೂ ಹೆಚ್ಚು ದಿನ ಕೂತರು. ಮುಂದೆ 2021ರ ಆರಂಭದಲ್ಲಿ ಕಂಪನಿಗೂ ಗಾರ್ಮೆಂಟ್ ಕಾರ್ಮಿಕರ ಸಂಘಟನೆಗೂ ಮರುನೇಮಕದ ಬಗ್ಗೆ ಒಪ್ಪಂದವಾಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ, ಅಲ್ಲಿಂದ ಹದಿನೈದಿಪ್ಪತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ ಬೇರೊಂದು ಬಗೆಯ ಸುದ್ದಿ ಎಲ್ಲರ ಬಾಯಲ್ಲಿತ್ತು. ಹೆಬ್ಬಾಳದಲ್ಲಿ ವಿಶಾಲವಾದ ತರಬೇತಿ ಕ್ಯಾಂಪಸ್ ಇಟ್ಟುಕೊಂಡಿರುವ ಇನ್ಫೊಸಿಸ್, 2022ರ ಜೂನ್ ತ್ರೈಮಾಸಿಕದ ವರದಿಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಕೆಲಸ ಬಿಟ್ಟವರ ಪ್ರಮಾಣ ಶೇ 28.4 ಎಂದು ತಿಳಿಸಿತು. ಮೈಸೂರಿನದಷ್ಟೇ ಅಲ್ಲ, ಕಂಪನಿಯ ಐಟಿ ಸೇವೆಗಳ ಒಟ್ಟು ಲೆಕ್ಕ ಅದು. ಸರಾಸರಿ ನೂರು ಜನರಿದ್ದ ಕಡೆ ಒಂದೇ ವರ್ಷದಲ್ಲಿ ಇಪ್ಪತ್ತೆಂಟು ಮಂದಿ ಪೇಪರ್ ಹಾಕಿ ಹೊರಟಿದ್ದರು.

ಒಂದು ಕಡೆ ಹೋಗಿ ಎಂದರೂ ಹೋಗದವರು, ಇನ್ನೊಂದು ಕಡೆ ಇರಿ ಎಂದರೂ ಇರದವರು. ಇವರಿಬ್ಬರನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಬಲ್ಲ ವಿವರಣೆ ಬೇಕು. ಜನ ಕೆಲಸ ಏಕೆ ಬಿಡುತ್ತಾರೆ, ಏಕೆ ಉಳಿಯುತ್ತಾರೆ ಎಂಬ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ಅಧ್ಯಯನದಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಪರಿಶೀಲಿಸಲಾಗಿದೆ. ಅವುಗಳಲ್ಲಿ ಬಹಳ ಬೆಲೆಯುಳ್ಳ ಒಂದೆರಡು ಅಧ್ಯಯನಗಳು ನಮ್ಮ ನಾಡಿನ ಹೊಲಿಗೆ ಕಾರ್ಖಾನೆಗಳಲ್ಲೇ ಬೆಳೆದ ಸಂಶೋಧನೆಯಿಂದ ಬಂದಿವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಸಂಬಳ ಎಷ್ಟು ಮುಖ್ಯ

ಮೊದಲು ಸಂಬಳದ ಮಾತು. ಅಮೆರಿಕದ ಡೆಟ್ರಾಯಿಟ್ ಹತ್ತಿರ ಹೆನ್ರಿ ಫೋರ್ಡ್ 1913ರಲ್ಲಿ ಮೋಟಾರು ಕಾರು ಜೋಡಿಸಲು ಚಲಿಸುವ ಸಾಲು ಹಾಕಿದ. ಕಾರು ಬೇಗ ತಯಾರಾಗತೊಡಗಿತು, ಜನ ಅದಕ್ಕಿಂತ ಬೇಗ ಬಿಟ್ಟುಹೋಗತೊಡಗಿದರು. ಆ ವರ್ಷ ಅವನ ಕಾರ್ಖಾನೆಯಲ್ಲಿ ಕೆಲಸ ಬಿಟ್ಟವರ ಪ್ರಮಾಣ ಶೇ 370. ಸುಮಾರು ಹದಿನಾಲ್ಕು ಸಾವಿರ ಜನರನ್ನು ಯಂತ್ರಗಳ ಮುಂದೆ ನಿಲ್ಲಿಸಿಡಲು ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಇಡೀ ದಿನ ಒಂದೇ ಬೋಲ್ಟು ತಿರುಗಿಸುವ ಕೆಲಸ ಯಾರಿಗೂ ಒಗ್ಗಲಿಲ್ಲ. 1914ರ ಜನವರಿ 5ರಂದು ಫೋರ್ಡ್ ದಿನಗೂಲಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ ಐದು ಡಾಲರ್ ಎಂದು ಘೋಷಿಸಿದ. 1915ರ ಹೊತ್ತಿಗೆ ಬಿಡುವವರ ಪ್ರಮಾಣ ಶೇ 16ಕ್ಕೆ ಇಳಿದಿತ್ತು. ಹಾಗಾಗಿ, ಸಂಬಳ ದೊಡ್ಡ ವಿಷಯವಲ್ಲ, ವಾತಾವರಣ ಮುಖ್ಯ ಎಂದು ಯಾವ ಮಾಲೀಕರಾದರೂ ವೇದಿಕೆ ಮೇಲೆ ನಿಂತು ಹೇಳಿದರೆ ಕೇಳುಗರು ಮೊದಲು ಅವರು ಕೊಡುವ ಸಂಬಳವನ್ನು ವಿಚಾರಿಸುವುದು ಒಳ್ಳೆಯದು.

ಹಾಗೆಂದು ಸಂಬಳವೊಂದರಿಂದಲೇ ಎಲ್ಲವೂ ಅರ್ಥವಾಗುವುದಿಲ್ಲ. ಇದಕ್ಕೆ ಮೈಸೂರಿನವರು ದೂರದ ಉದಾಹರಣೆ ಹುಡುಕಬೇಕಿಲ್ಲ. ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಿಂದ ಸ್ವಯಂ ನಿವೃತ್ತಿ ಪಡೆದರು. ಸಂಬಳ ಸಾಲದೆ ಬಿಟ್ಟದ್ದಲ್ಲ. ಆ ಇಲಾಖೆಯ ಉನ್ನತ ಹುದ್ದೆಗಳು ಬ್ರಿಟಿಷರಿಗೇ ಮೀಸಲಾಗಿದ್ದವು, ಎಷ್ಟೇ ದುಡಿದರೂ ಮುಂದೆ ದಾರಿಯಿರಲಿಲ್ಲ. ಮರುವರ್ಷ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ಎಂಜಿನಿಯರ್ ಆಗಿ ಕರೆದುಕೊಂಡಿತು, 1912ರಲ್ಲಿ ದಿವಾನರನ್ನಾಗಿ ಮಾಡಿತು. ಬಾಂಬೆ ಸರ್ಕಾರ ಕಳೆದುಕೊಂಡ ನೌಕರ ಕನ್ನಂಬಾಡಿ ಕಟ್ಟೆಗೆ ಸಿಕ್ಕರು. ಅವರು 1918ರಲ್ಲಿ ದಿವಾನಗಿರಿಯನ್ನೂ ಬಿಟ್ಟರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವಿಗೂ ಅವರ ನಿಲುವಿಗೂ ಹೊಂದಾಣಿಕೆ ಆಗಲಿಲ್ಲ.  ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಒಬ್ಬರೇ ವ್ಯಕ್ತಿ ಒಮ್ಮೆ ದಾರಿ ಮುಚ್ಚಿದ್ದಕ್ಕೆ ಬಿಟ್ಟರು, ಇನ್ನೊಮ್ಮೆ ಅಭಿಪ್ರಾಯ ಹೊಂದದೆ ಬಿಟ್ಟರು. ಎರಡು ಸಲವೂ ಹಣ ಕಾರಣವಾಗಿರಲಿಲ್ಲ.

ಬಿಡುವ ಮನಸ್ಸು, ಬಿಡುವ ಅನುಕೂಲ

1958ರಲ್ಲಿ ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿದ್ವಾಂಸರು ಈ ಗೊಂದಲವನ್ನು ಬಿಡಿಸಲು ಎರಡು ಪ್ರಶ್ನೆಗಳನ್ನು ಬೇರೆಬೇರೆ ಮಾಡಿದರು. ನೌಕರನಿಗೆ ಬಿಡುವ ಮನಸ್ಸು ಇದೆಯೇ? ಬಿಡುವ ಅನುಕೂಲ ಇದೆಯೇ? ಮನಸ್ಸಿದ್ದು ಅನುಕೂಲವಿಲ್ಲದವರು ಉಳಿಯುತ್ತಾರೆ. ಅನುಕೂಲವಿದ್ದು ಮನಸ್ಸಿಲ್ಲದವರೂ ಉಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರ ಸಹಿಯೂ ಒಂದೇ ಥರ ಕಾಣುತ್ತದೆ.

ಇನ್ಫೊಸಿಸ್‌ನ ಅಂಕಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು. 2022ರ ಜೂನ್‌ನಲ್ಲಿ ಶೇ 28.4 ಇದ್ದದ್ದು 2024ರ ಮಾರ್ಚ್ ಹೊತ್ತಿಗೆ ಶೇ 12.6ಕ್ಕೆ ಇಳಿಯಿತು. ಟಿಸಿಎಸ್‌ನಲ್ಲೂ ಹೀಗೆಯೇ ಆಯಿತು. 2022ರ ಸೆಪ್ಟೆಂಬರ್‌ನಲ್ಲಿ ಶೇ 21.5 ಇದ್ದದ್ದು 2024ರ ಮಾರ್ಚ್‌ಗೆ ಶೇ 12.5 ಆಯಿತು. ಎರಡು ವರ್ಷದೊಳಗೆ ಎರಡೂ ಕಂಪನಿಗಳ ಮ್ಯಾನೇಜರ್‌ಗಳು ಒಟ್ಟಿಗೇ ಒಳ್ಳೆಯವರಾದರು ಎಂದು ನಂಬುವುದು ಕಷ್ಟ. ಕೊರೊನಾ ನಂತರ ಜಗತ್ತಿನ ಕಂಪನಿಗಳೆಲ್ಲ ಒಮ್ಮೆಗೇ ತಂತ್ರಾಂಶದ ಕೆಲಸ ಕೊಡತೊಡಗಿದಾಗ ಹೊರಗೆ ಆಫರ್‌ಗಳ ಸುರಿಮಳೆ ಇತ್ತು. ಆಮೇಲೆ ಆ ಬೇಡಿಕೆ ತಗ್ಗಿತು, ಹೊರಗಿನ ಬಾಗಿಲುಗಳು ಮುಚ್ಚಿದವು, ಒಳಗಿದ್ದವರು ಒಳಗೇ ಉಳಿದರು. ಬಿಡುವವರು ಕಡಿಮೆಯಾದರೆಂದು ಸಂಸ್ಥೆಯೊಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಮುಂಚೆ, ಮನಸ್ಸು ಬದಲಾಯಿತೋ ಅನುಕೂಲ ತಪ್ಪಿತೋ ಎಂದು ಕೇಳಿಕೊಳ್ಳಬೇಕು.

ಉಳಿದವರ ಬಗ್ಗೆ ಮೊದಲಿಗೆ ಗಂಭೀರವಾಗಿ ಕೇಳಿದವರಲ್ಲಿ ವಿನ್ಸೆಂಟ್ ಫ್ಲವರ್ಸ್ ಮತ್ತು ಚಾರ್ಲ್ಸ್ ಹ್ಯೂಸ್ ಎಂಬುವರೂ ಇದ್ದಾರೆ. 1973ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಮುಖ್ಯ ಮಾತು, ಬಿಟ್ಟುಹೋದವರ ಕಾರಣಗಳನ್ನು ತಿರುವಿಹಾಕಿದರೆ ಉಳಿದವರ ಕಾರಣ ಸಿಗುವುದಿಲ್ಲ ಎಂಬುದು. ಕೆಲಸ ಇಷ್ಟವಾಗಿ ಉಳಿಯುವವರಿದ್ದಾರೆ. ಕೆಲಸ ಸಾಕಾಗಿದ್ದರೂ ಪಿಂಚಣಿ, ಸಾಲ, ವಯಸ್ಸು, ಊರು ಇವುಗಳಿಗಾಗಿ ಉಳಿಯುವವರೂ ಇದ್ದಾರೆ. ಸಂಸ್ಥೆಗೆ ಚಿಂತೆ ಇರಬೇಕಾದದ್ದು ಈ ಎರಡನೆಯವರ ಬಗ್ಗೆ ಎಂದು ಅವರು ಎಚ್ಚರಿಸಿದರು. ಅರೆಮನಸ್ಸಿನಿಂದ ಉಳಿದವರು ರಾಜೀನಾಮೆಯ ಅಂಕಿಸಂಖ್ಯೆಯಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ.

2001ರಲ್ಲಿ ಟೆರೆನ್ಸ್ ಮಿಚೆಲ್ ಮತ್ತು ಸಂಗಡಿಗರು ಅಮೆರಿಕದ ಒಂದು ಆಸ್ಪತ್ರೆಯ ಹಾಗೂ ದಿನಸಿ ಅಂಗಡಿಗಳ ನೌಕರರನ್ನು ಅಧ್ಯಯನ ಮಾಡಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನುಷ್ಯ ಕೆಲಸದಲ್ಲಿ ಬೇರುಬಿಡುವುದು ಮೂರು ಬಗೆಯಲ್ಲಿ ಎಂದು ಅವರು ತೋರಿಸಿದರು. ಅವನಿಗೆ ಅಲ್ಲಿರುವ ನಂಟುಗಳು, ಆ ಜಾಗ ತನಗೆ ಹೊಂದುತ್ತದೆಂಬ ಭಾವನೆ, ಬಿಟ್ಟರೆ ಕಳೆದುಕೊಳ್ಳಬೇಕಾದದ್ದರ ಲೆಕ್ಕ. ಈ ಮೂರೂ ಆಫೀಸಿನ ಗೋಡೆಯೊಳಗೆ ಮುಗಿಯುವುದಿಲ್ಲ. ಊರೂ ಅದರಲ್ಲಿ ಸೇರುತ್ತದೆ. ಮಗಳ ಶಾಲೆ, ಅತ್ತೆಯ ಡಯಾಲಿಸಿಸ್, ಕಟ್ಟುತ್ತಿರುವ ಮನೆಯ ಕಂತು, ಬೆಳಗಿನ ವಾಕಿಂಗ್ ಗೆಳೆಯರು ಎಲ್ಲವೂ ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಕೈಯನ್ನು ಹಿಡಿದು ನಿಲ್ಲಿಸುತ್ತವೆ. ಬೆಮೆಲ್, ರೈಲ್ವೆ ವರ್ಕ್‌ಶಾಪ್, ಸಿಎಫ್‌ಟಿಆರ್‌ಐಗಳಲ್ಲಿ ಇಡೀ ಸೇವಾವಧಿ ಕಳೆದು ನಿವೃತ್ತರಾದ ಪೀಳಿಗೆಯನ್ನು ಮೈಸೂರಿನ ಬಡಾವಣೆಗಳು ಕಂಡಿವೆ. ಅದೇ ಮನೆಗಳ ಮಕ್ಕಳು ಮೂರು ವರ್ಷಕ್ಕೊಂದು ಕಂಪನಿ ಬದಲಿಸುವುದನ್ನೂ ಕಾಣುತ್ತಿವೆ. ತಂದೆಯ ಕಾಲದ ಕೆಲಸ ಕ್ವಾರ್ಟರ್ಸ್, ಪಿಂಚಣಿ, ಸೀನಿಯಾರಿಟಿಯ ಬಡ್ತಿಗಳ ಮೂಲಕ ಬೇರುಬಿಡಲು ಮಣ್ಣು ಕೊಟ್ಟಿತ್ತು. ಮಕ್ಕಳ ಕಾಲದ ಕೆಲಸಕ್ಕೆ ಅದಾವುದೂ ಇಲ್ಲ. ಈ ವ್ಯತ್ಯಾಸವನ್ನು ಮರೆತು ಈಗಿನವರಿಗೆ ನಿಷ್ಠೆ ಇಲ್ಲ ಎಂದು ದೂರುವುದು ಅನ್ಯಾಯ.

ಹೊಲಿಗೆ ಲೈನಿನಿಂದ ಬಂದ ಪಾಠ

ಈಗ ಕರ್ನಾಟಕದ ಗಾರ್ಮೆಂಟ್ಸ್‌ಗೆ ಬರೋಣ. ಇಲ್ಲಿ ಒಂದು ಶರಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಒಬ್ಬಳು ಕಫ್, ಒಬ್ಬಳು ಜೇಬು, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಹಿಂದಿನವಳು ತಡಮಾಡಿದರೆ ಮುಂದಿನವಳ ಮೇಜಿಗೆ ಬಂಡಲ್ ಬರುವುದಿಲ್ಲ, ಮುಂದಿನವಳು ತಡಮಾಡಿದರೆ ಅವಳ ಮೇಜಿನ ಮೇಲೆ ಬಂಡಲ್‌ಗಳ ರಾಶಿ ಬೀಳುತ್ತದೆ. ನೀರು ಕುಡಿಯಲು ಎದ್ದರೂ ಲೆಕ್ಕ. ಟಾರ್ಗೆಟ್ ತಪ್ಪಿದರೆ ಸೂಪರ್‌ವೈಸರ್ ಬೈಗುಳ ಎಲ್ಲರ ಮುಂದೆ. ಒಬ್ಬಳು ರಜೆ ಹಾಕಿದರೆ ಇಡೀ ಲೈನ್ ಕುಂಟುತ್ತದೆ, ಒಬ್ಬಳು ಬಿಟ್ಟುಹೋದರೆ ಆ ಜಾಗಕ್ಕೆ ಬಂದ ಹೊಸಬಳ ಕೈ ಪಳಗುವವರೆಗೆ ಕುಂಟುತ್ತಲೇ ಇರುತ್ತದೆ. ಇಷ್ಟಾದರೂ ಈ ಉದ್ಯಮದಲ್ಲಿ ಬಿಟ್ಟುಹೋಗುವವರ ಸಾಲು ನಿಂತಿಲ್ಲ.

ಇಲ್ಲಿ ಬಿಡುವುದಕ್ಕೆ ಒಂದು ವಿಚಿತ್ರ ಕಾರಣವೂ ಇದೆ. ಬ್ಯಾಂಕಿನಲ್ಲಿ ಸುಲಭವಾಗಿ ಸಾಲ ಸಿಗದ ಹೆಂಗಸಿಗೆ ಮಗನ ಕಾಲೇಜು ಫೀಸೋ ಮಗಳ ಮದುವೆಯೋ ಬಂದಾಗ ಕೈಗೆಟಕುವ ದೊಡ್ಡ ಮೊತ್ತವೆಂದರೆ ಪಿ.ಎಫ್. ಒಂದೇ. ಅದನ್ನು ಪೂರ್ತಿ ತೆಗೆಯಬೇಕೆಂದರೆ ಕೆಲಸ ಬಿಡಬೇಕು. ಬಿಟ್ಟು, ಹಣ ಬಿಡಿಸಿಕೊಂಡು, ಪಕ್ಕದ ಫ್ಯಾಕ್ಟರಿಯಲ್ಲಿ ಮತ್ತೆ ಮೊದಲಿನಿಂದ ಸೇರುತ್ತಾರೆ. ಕಾಯಂ ಕೆಲಸದಲ್ಲಿ ಐದು ವರ್ಷ ತುಂಬದಿದ್ದರೆ ಗ್ರಾಚ್ಯುಟಿಯ ಹಣವೂ ಕೈತಪ್ಪುತ್ತದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಆದೇಶ ಹೊರಡಿಸಿತು. ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಇಳಿದರು. ಮುಂದೆ ನಿಂತು ನಡೆಸುವ ನಾಯಕರಿರಲಿಲ್ಲ, ಪಕ್ಷದ ಬಾವುಟವಿರಲಿಲ್ಲ. ಮರುದಿನ ನಗರದ ಹಲವು ಕಡೆ ಪ್ರತಿಭಟನೆ ಹಬ್ಬಿ, ಬಸ್ಸುಗಳಿಗೆ ಬೆಂಕಿ ಬಿತ್ತು. ಅಂದೇ ಸಂಜೆಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳು ರಸ್ತೆಗಿಳಿಯುವ ಮುನ್ನ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕೇಳಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗವೊಂದು ನಡೆದಿದೆ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ್ ನ್ಯಶಧಮ್ ಮತ್ತು ತೆರೆಸಾ ಮೊಲಿನಾ ಅದನ್ನು ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಡೆಸಿದರು. ಕಾರ್ಮಿಕರು ಎದುರುನೋಡುತ್ತಿದ್ದ ಸಂಬಳ ಏರಿಕೆ ಬಂತು, ಆದರೆ ನಿರೀಕ್ಷೆಗಿಂತ ಬಹಳ ಕಡಿಮೆ ಬಂತು. ಅದರ ಬೆನ್ನಿಗೇ, ಲಾಟರಿಯಂತೆ ಆಯ್ಕೆಮಾಡಿದ ಕಾರ್ಮಿಕರಿಗೆ ಒಂದು ಸಮೀಕ್ಷೆಯಲ್ಲಿ ಮಾತಾಡಲು ಅವಕಾಶ ಕೊಟ್ಟರು. ಹೆಸರು ಹೇಳಬೇಕಿರಲಿಲ್ಲ. ಕೆಲಸದ ಸ್ಥಿತಿಗತಿ ಹೇಗಿದೆ, ಸೂಪರ್‌ವೈಸರ್ ಹೇಗಿದ್ದಾರೆ, ಒಟ್ಟಾರೆ ತೃಪ್ತಿ ಇದೆಯೇ ಎಂಬಂಥ ಪ್ರಶ್ನೆಗಳು. ಬೇರೆಯವರಿಗೆ ಆ ಅವಕಾಶ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ, ಅಭಿಪ್ರಾಯ ಹೇಳಲು ಅವಕಾಶ ಸಿಕ್ಕಿದವರಲ್ಲಿ ಕೆಲಸ ಬಿಟ್ಟವರು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ. ಗೈರುಹಾಜರಿಯೂ ತಗ್ಗಿತು. ಸಂಬಳ ಏರಿಕೆಯಿಂದ ಹೆಚ್ಚು ಬೇಸರಗೊಂಡಿದ್ದವರಲ್ಲೇ ಈ ಪರಿಣಾಮ ಹೆಚ್ಚು ಕಂಡಿತು. ಈ ಅಧ್ಯಯನ 2022ರಲ್ಲಿ ದಿ ಎಕನಾಮಿಕ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಈ ಪ್ರಯೋಗದ ಹಿಂದೆ ಒಂದು ಹಳೆಯ ಚಿಂತನೆ ಇದೆ. ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ದೇಶದಿಂದ ದೇಶಕ್ಕೆ ಹೋದ ಆಲ್ಬರ್ಟ್ ಹರ್ಷ್‌ಮನ್, ನೈಜೀರಿಯಾದ ರೈಲ್ವೆಯನ್ನು ನೋಡಿ ಒಂದು ಸಂಗತಿ ಗಮನಿಸಿದರು. ರೈಲಿನ ಸೇವೆ ಕೆಟ್ಟಿತ್ತು. ಲಾರಿಗಳು ಬಂದಮೇಲೆ ಗಟ್ಟಿಯಾಗಿ ಕೇಳಬಲ್ಲ ಗಿರಾಕಿಗಳು ಸದ್ದಿಲ್ಲದೆ ಲಾರಿಗೆ ಹೋದರು. ಕೇಳುವವರೇ ಹೊರಟುಹೋದ ಮೇಲೆ ರೈಲ್ವೆಗೆ ಸುಧಾರಿಸುವ ಒತ್ತಡವೇ ಉಳಿಯಲಿಲ್ಲ. ಅತೃಪ್ತರಿಗೆ ಎರಡು ದಾರಿ, ಬಿಟ್ಟುಹೋಗುವುದು ಇಲ್ಲವೇ ದನಿ ಎತ್ತುವುದು. ದನಿಗೆ ಜಾಗ ಸಿಕ್ಕರೆ ಬಿಟ್ಟುಹೋಗುವುದು ತಗ್ಗುತ್ತದೆ ಎಂದು 1970ರಲ್ಲಿ ಅವರು ಪುಸ್ತಕ ಬರೆದರು. ಐವತ್ತು ವರ್ಷ ಹಳೆಯ ಈ ಮಾತಿಗೆ ನಿಜವಾದ ಕೆಲಸದ ಜಾಗದಲ್ಲಿ ಮೊದಲ ಪ್ರಾಯೋಗಿಕ ಪುರಾವೆ ಕೊಟ್ಟವರು ಭಾರತದ ಗಾರ್ಮೆಂಟ್ಸ್ ಕಾರ್ಮಿಕರು.

ಇದನ್ನು ಅಗ್ಗದ ಉಪಾಯವೆಂದು ಯಾವ ಮಾಲೀಕರೂ ತಿಳಿಯಬಾರದು. ಕಡಿಮೆ ಸಂಬಳ ಕೊಟ್ಟು ಒಂದು ಫಾರಂ ತುಂಬಿಸಿಕೊಂಡರೆ ಸಾಕು ಎಂಬ ಅರ್ಥ ಇದಕ್ಕಿಲ್ಲ. ಕೇಳಿದ ಮೇಲೆ ಏನೂ ಮಾಡದಿದ್ದರೆ ಎರಡನೇ ಸಲ ಕೇಳಿದಾಗ ಯಾರೂ ಬಾಯಿ ಬಿಡುವುದಿಲ್ಲ.

ಅಧ್ವರ್ಯು ಮತ್ತು ನ್ಯಶಧಮ್ ಇದ್ದ ಇನ್ನೊಂದು ತಂಡದ ಅಧ್ಯಯನ ಬೆಂಗಳೂರಿನ ಐದು ಗಾರ್ಮೆಂಟ್ ಕಾರ್ಖಾನೆಗಳದು. ಮಾತುಗಾರಿಕೆ, ಸಮಯದ ನಿರ್ವಹಣೆ, ಸಮಸ್ಯೆ ಬಿಡಿಸುವುದು ಮೊದಲಾದವನ್ನು ಕಲಿಸುವ ತರಬೇತಿಯನ್ನು ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲೇ ಕೊಡಲಾಯಿತು. ಕಲಿಸಿದರೆ ಹಾರಿಹೋಗುತ್ತಾರೆ ಎಂಬುದು ಮಾಲೀಕರ ಹಳೆಯ ಭಯ. ಹಾಗಾಗಲಿಲ್ಲ. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಬಿಟ್ಟುಹೋಗಲಿಲ್ಲ. ಅವರ ಉತ್ಪಾದಕತೆ ಶೇ 13.5ರಷ್ಟು ಹೆಚ್ಚಿತು. ಅವರ ಸಂಬಳ ಏರಿದ್ದು ಶೇ 0.5 ಮಾತ್ರ. ಕಂಪನಿಗೆ ಹಾಕಿದ ಹಣದ ಎರಡೂವರೆ ಪಟ್ಟಿಗೂ ಮಿಕ್ಕಿದ ನಿವ್ವಳ ಲಾಭ ತರಬೇತಿ ಮುಗಿದ ಎಂಟು ತಿಂಗಳಲ್ಲಿ ಬಂದಿತು. ಶೇ 13.5 ಹೆಚ್ಚು ದುಡಿದವಳಿಗೆ ಶೇ ಅರ್ಧ ಕೊಟ್ಟರೂ ಅವಳು ಉಳಿದಳೆಂದರೆ, ಅವಳಿಗೆ ಬೇರೆ ಕಡೆ ಹೋಗುವ ಅನುಕೂಲ ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಈ ಅಂಕಿಯನ್ನು ಯಾರೂ ನೆಮ್ಮದಿಯಿಂದ ಓದುವಂತಿಲ್ಲ.

ದಾರಿಯ ದೂರ

ಮೈಸೂರಿನವರಿಗೆ ಇನ್ನೊಂದು ಕಾರಣ ಚೆನ್ನಾಗಿ ಗೊತ್ತು: ದೂರ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವ ಸೀಸನ್ ಪಾಸಿನವರು ಮೈಸೂರಲ್ಲೂ ಮಂಡ್ಯದಲ್ಲೂ ಇದ್ದಾರೆ. 2023ರ ಮಾರ್ಚ್‌ನಲ್ಲಿ ಮೈಸೂರು-ಬೆಂಗಳೂರು ಹೊಸ ಹೆದ್ದಾರಿ ತೆರೆದರೂ ಬೆಂಗಳೂರಿನೊಳಗಿನ ಟ್ರಾಫಿಕ್ ಹಾಗೆಯೇ ಇದೆ. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 1,612 ನೌಕರರ ಮೇಲೆ ನಡೆಸಿದ ಪ್ರಯೋಗ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು, ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಹೆಂಗಸರಿಗೂ ದೂರದಿಂದ ಬರುವವರಿಗೂ ಇದರ ಪ್ರಯೋಜನ ಎದ್ದುಕಂಡಿತು. ಎಲ್ಲರನ್ನೂ ಐದೂ ದಿನ ಆಫೀಸಿಗೆ ಕರೆಯುವ ಕಂಪನಿಗಳು ಈ ಅಂಕಿಯನ್ನು ಒಮ್ಮೆ ನೋಡಬೇಕು. ಹೊಲಿಗೆ ಯಂತ್ರವನ್ನು ಮನೆಗೆ ಒಯ್ಯಲಾಗದವರಿಗೆ 2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬೇರೊಂದು ಬಾಗಿಲು ತೆರೆಯಿತು. ಬಸ್ ಚಾರ್ಜು ಲೆಕ್ಕದಿಂದ ಬಿಟ್ಟುಹೋದಾಗ, ಎರಡು ಸ್ಟಾಪ್ ಆಚೆಯ ಒಳ್ಳೆಯ ಫ್ಯಾಕ್ಟರಿಯೂ ಕೈಗೆಟಕುತ್ತದೆ.

ಯಾರನ್ನು, ಯಾವಾಗ ಕೇಳಬೇಕು

ಬಹಳಷ್ಟು ಸಂಸ್ಥೆಗಳು ನೌಕರರನ್ನು ಕೇಳುವುದು ಒಂದೇ ಸಲ, ಬಿಟ್ಟುಹೋಗುವ ಕೊನೆಯ ವಾರದಲ್ಲಿ. ಎಚ್.ಆರ್. ವಿಭಾಗದವರು ಒಂದು ಫಾರಂ ಹಿಡಿದು ಕೂರುತ್ತಾರೆ. ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿರುವುದಿಲ್ಲ, ಮುಂದಿನ ಕಂಪನಿಯವರು ಫೋನ್ ಮಾಡಿ ವಿಚಾರಿಸಬಹುದೆಂಬ ಅಳುಕು ಬೇರೆ. ಹಾಗಾಗಿ ಎಲ್ಲರೂ ಬರೆಯುವ ಕಾರಣ, ಉತ್ತಮ ಅವಕಾಶ. ಅಲ್ಲಿಗೆ ಅಧ್ಯಯನ ಮುಗಿಯುತ್ತದೆ.

ಥಾಮಸ್ ಲೀ ಮತ್ತು ಮಿಚೆಲ್ 1994ರಲ್ಲಿ ಮಂಡಿಸಿದ ಪ್ರಕಾರ, ಬಿಡುವ ತೀರ್ಮಾನ ಅನೇಕ ವೇಳೆ ಒಂದು ಆಘಾತದಿಂದ ಶುರುವಾಗುತ್ತದೆ. ತಪ್ಪಿದ ಬಡ್ತಿ, ಎಲ್ಲರ ಮುಂದೆ ತಿಂದ ಬೈಗುಳ, ತಾಯಿ ಆಸ್ಪತ್ರೆಯಲ್ಲಿದ್ದಾಗ ಸಿಗದ ರಜೆ. ಆ ದಿನಕ್ಕೂ ರಾಜೀನಾಮೆಯ ದಿನಕ್ಕೂ ನಡುವೆ ಎಷ್ಟೋ ಸಲ ತಿಂಗಳುಗಳು ಕಳೆದಿರುತ್ತವೆ. ಕೇಳಬೇಕಾದದ್ದು ಆ ತಿಂಗಳುಗಳಲ್ಲಿ, ಕೇಳಬೇಕಾದದ್ದು ಇನ್ನೂ ಕೆಲಸದಲ್ಲಿ ಇರುವವರನ್ನು.

ಈ ಸಭೆಯಲ್ಲಿ ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿ ಕಡೆ ಘಟಕ ನಡೆಸುವವರಿರಬಹುದು. ಶಾಲೆ, ನರ್ಸಿಂಗ್ ಹೋಮ್, ಅಂಗಡಿ ನಡೆಸುವವರು ಇರಬಹುದು. ಯಾವುದೂ ಇಲ್ಲದವರ ಮನೆಗೂ ಅಡುಗೆಯವರು, ಕಸಮುಸುರೆಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಬರುತ್ತಾರೆ. ಯಾರೂ ನಿಲ್ಲುವುದಿಲ್ಲ ಎಂಬ ದೂರು ಮೈಸೂರಿನ ಬಡಾವಣೆಗಳಲ್ಲಿ ದಿನಾ ಕೇಳಿಬರುತ್ತದೆ. ಕೆಲಸ ಕೊಡುವ ಇವರೆಲ್ಲರಲ್ಲಿ ಈ ಉಪನ್ಯಾಸದ ಬೇಡಿಕೆ ಒಂದೇ. ಮುಂದಿನ ಸಂಬಳದ ದಿನದೊಳಗೆ, ನಿಮ್ಮ ಬಳಿ ಉಳಿದಿರುವವರನ್ನು ಕೂರಿಸಿಕೊಂಡು ಮೂರು ವಿಷಯ ಕೇಳಿ: ಸಂಬಳ ಸಾಕಾಗುತ್ತಿದೆಯೇ, ಕೆಲಸದಲ್ಲಿ ಯಾವುದು ಕಷ್ಟ, ಯಾರ ಮಾತು ನೋಯಿಸುತ್ತಿದೆ. ಹೇಳಿದ್ದಕ್ಕೆ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ತಿಂಗಳೇ ಸರಿಪಡಿಸಿ, ಸರಿಪಡಿಸಿದ್ದನ್ನು ಅವರಿಗೆ ತಿಳಿಸಿ.